ಹತ್ತು ಹಾಸಿಗೆ ಇದ್ದರೆ ಆಸ್ಪತ್ರೆ

ಮೇಷ್ಟ್ರು: ಅತ್ತೆ, ಇದನ್ನ ಸ್ವಲ್ಪ ನೋಡ್ತೀರಾ? ಕೊನೇ ವರ್ಷದ ಬಿಕಾಂ ಹುಡುಗರಿಗೆ ಅಂತ ಮಾಡಿದ ಪಟ್ಟಿ. ವ್ಯಾಪಾರ, ಬ್ಯಾಂಕು, ವಿಮೆ ಮೂರಕ್ಕೂ ಸೇರಿದ ಇಂಗ್ಲಿಷ್ ಪದಗಳು, ಎದುರಿಗೆ ಕನ್ನಡ ಅರ್ಥ. ಹೆಚ್ಚಿನವರು ಕನ್ನಡ ಮೀಡಿಯಂನಿಂದ ಬಂದವರು. ಇಂಟರ್‌ವ್ಯೂನಲ್ಲಿ ಇಂಥದ್ದೊಂದು ಪದ ಕಿವಿಗೆ ಬಿದ್ದರೆ ಸಾಕು, ಬಾಯಿ ಕಟ್ಟಿಹೋಗುತ್ತೆ. ಇಷ್ಟು ವರ್ಷ ವಿಮೆ ಏಜೆನ್ಸಿ ಮಾಡಿದವರು ನೀವು, ಬಿಟ್ಟುಹೋಗಿರೋದನ್ನ ಸೇರಿಸಿಕೊಡಿ.

ಅತ್ತೆ: ಕನ್ನಡಕ ಅಲ್ಲಿ ಟಿವಿ ಹತ್ತಿರ ಇದೆ, ಕೊಡು. ಹ್ಞೂಂ. ಪ್ರೀಮಿಯಂ, ವಿಮಾ ಕಂತು. ಪಾಲಿಸಿ, ವಿಮಾ ಪತ್ರ. ನಾಮಿನಿ, ನಾಮನಿರ್ದೇಶಿತ ವ್ಯಕ್ತಿ. ಸರೆಂಡರ್ ವ್ಯಾಲ್ಯೂ, ಅಧ್ಯರ್ಪಣ ಮೌಲ್ಯ. ಇದನ್ನ ಬಾಯಿಬಿಟ್ಟು ಹೇಳೋಕೆ ಹೋದ್ರೆ ನನ್ನ ಹಲ್ಲಿನ ಸೆಟ್ಟು ಕಳಚಿ ಬೀಳುತ್ತೆ ಮಾರಾಯ. ಅದಿರಲಿ, ಇದರಲ್ಲಿ ಆಸ್ಪತ್ರೆ ಎಲ್ಲಿ? ಆಕ್ಸಿಡೆಂಟ್ ಎಲ್ಲಿ? ರೂಮು ಎಲ್ಲಿ?

ಮೇಷ್ಟ್ರು: ಅವೆಲ್ಲ ಯಾರಿಗೆ ಗೊತ್ತಿಲ್ಲ ಅತ್ತೆ? ಇದು ಕಷ್ಟದ ಪದಗಳ ಪಟ್ಟಿ.

ಅತ್ತೆ: ಗೊತ್ತಿದೆ ಅಂದುಕೊಂಡಿರೋ ಪದಗಳಲ್ಲೇ ದುಡ್ಡು ಹೋಗೋದು. ಕಷ್ಟದ ಪದ ಬಂದ್ರೆ ಜನ ಧೈರ್ಯವಾಗಿ ಕೇಳ್ತಾರೆ, ‘ಇಂಡೆಮ್ನಿಟಿ ಅಂದ್ರೆ ಎಂಥದ್ದಮ್ಮಾ?’ ಅಂತ. ಆಸ್ಪತ್ರೆ ಅಂದ್ರೆ ಏನು ಅಂತ ಇವತ್ತಿನವರೆಗೆ ನನ್ನನ್ನ ಯಾರೂ ಕೇಳಲಿಲ್ಲ. ನೀನೇ ಹೇಳು ನೋಡೋಣ.

ಮೇಷ್ಟ್ರು: ರೋಗಿಗಳನ್ನ ಇಟ್ಟುಕೊಂಡು ಚಿಕಿತ್ಸೆ ಕೊಡೋ ಜಾಗ.

ಅತ್ತೆ: ಹೆಲ್ತ್ ಪಾಲಿಸಿಯ ಡೆಫಿನಿಷನ್ ಪುಟ ತೆಗೆದು ನೋಡು. ಕಾನೂನಿನ ಪ್ರಕಾರ ನೋಂದಣಿ ಆಗಿರೋ ಜಾಗ ಆಗಿರಬೇಕು. ಅದಿಲ್ಲ ಅಂದ್ರೆ, 10 ಲಕ್ಷಕ್ಕಿಂತ ಕಡಿಮೆ ಜನ ಇರೋ ಊರಲ್ಲಿ ಕನಿಷ್ಠ 10 ಹಾಸಿಗೆ ಇರಬೇಕು, ಬೇರೆ ಕಡೆ 15. ಹಗಲೂ ರಾತ್ರಿ ನರ್ಸು, ಹಗಲೂ ರಾತ್ರಿ ಡಾಕ್ಟರು, ಸಜ್ಜಾದ ಆಪರೇಷನ್ ಥಿಯೇಟರು, ದಿನದಿನದ ದಾಖಲೆ. ನಮ್ಮ ಶಿವಮೊಗ್ಗಕ್ಕೆ ಹತ್ತು ಹಾಸಿಗೆ ಸಾಕು, ಬೆಂಗಳೂರಿಗೆ ಸಾಲದು. ಇನ್ನು ಅಡ್ಮಿಟ್ ಆಗಿದ್ದೆ ಅಂತ ಹೇಳಿಬಿಟ್ರೆ ಮುಗೀಲಿಲ್ಲ, ಒಂದೇ ಸಮ 24 ಗಂಟೆ ಒಳರೋಗಿಯಾಗಿ ಇದ್ದಿರಬೇಕು. ಕಣ್ಣಿನ ಪೊರೆ, ಡಯಾಲಿಸಿಸ್ ಥರದವಕ್ಕೆ ಡೇ ಕೇರ್ ಅಂತ ಬೇರೆ ದಾರಿ ಇದೆ. ಆದ್ರೆ ಸಂಜೆ ಹೋಗಿ, ರಾತ್ರಿಯೆಲ್ಲ ಡ್ರಿಪ್ ಹಾಕಿಸಿಕೊಂಡು, ಬೆಳಿಗ್ಗೆ ತಿಂಡಿ ಹೊತ್ತಿಗೆ ಮನೆಗೆ ಬಂದೋನು ಕಂಪನಿ ಲೆಕ್ಕದಲ್ಲಿ ಆಸ್ಪತ್ರೆ ಸೇರಲೇ ಇಲ್ಲ.

ಮೇಷ್ಟ್ರು: ಇದು ಮೋಸ ಅಲ್ವಾ?

ಅತ್ತೆ: ಮೋಸ ಅಂತ ನಾನು ಹೇಳಲ್ಲ. ಎಲ್ಲಾದ್ರೂ ಒಂದು ಗೆರೆ ಎಳೀಲೇಬೇಕು, ಇಲ್ಲದಿದ್ರೆ ನಾಲ್ಕು ಮಂಚ ಹಾಕಿದ ಮನೆಯಿಂದೆಲ್ಲ ಬಿಲ್ ಬರೋಕೆ ಶುರುವಾಗುತ್ತೆ. ಆ ಗೆರೆ ಎಲ್ಲಿದೆ ಅಂತ ದುಡ್ಡು ಕಟ್ಟೋನಿಗೆ ಮೊದಲೇ ತೋರಿಸಬೇಕು, ಅಷ್ಟೇ ನನ್ನ ತಕರಾರು. ಈಗ ಆಕ್ಸಿಡೆಂಟ್ ತಗೋ. ಘಟನೆ ದಿಢೀರನೆ ಆಗಿರಬೇಕು, ಮುಂಚೆ ಎಣಿಸಿರಬಾರದು, ತಾನೇ ಬೇಕಂತ ಮಾಡಿಕೊಂಡಿರಬಾರದು. ಕಾರಣ ಹೊರಗಿನಿಂದ ಬಂದಿರಬೇಕು, ಕಣ್ಣಿಗೆ ಕಾಣೋ ಹಾಗಿರಬೇಕು, ಬಲವಾದ ಪೆಟ್ಟು ಕೊಟ್ಟಿರಬೇಕು. ಇಷ್ಟೂ ಒಟ್ಟಿಗೆ ಕೂಡಿಬರಬೇಕು. ಕೊನೆಗಾರ ಅಡಿಕೆ ಮರದಿಂದ ಕಾಲು ಜಾರಿ ಬಿದ್ರೆ ಆಕ್ಸಿಡೆಂಟ್. ಮರದ ತುದೀಲಿ ಇರುವಾಗಲೇ ಹಾರ್ಟ್ ಅಟ್ಯಾಕ್ ಆಗಿ ಬಿದ್ರೆ?

ಮೇಷ್ಟ್ರು: ಬಿದ್ದಿದ್ದಂತೂ ನಿಜ ಅಲ್ವಾ.

ಅತ್ತೆ: ಬಿದ್ದಿದ್ದು ನಿಜ, ಸತ್ತಿದ್ದು ಯಾವುದರಿಂದ ಅನ್ನೋದು ಪ್ರಶ್ನೆ. ಅದಕ್ಕೆ ಪೋಸ್ಟ್ ಮಾರ್ಟಂ ವರದಿ ಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹೋಗುತ್ತಲ್ಲ, ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅದು ಆಕ್ಸಿಡೆಂಟ್‌ಗೆ ಮಾತ್ರ. ಸತ್ತರೆ 2 ಲಕ್ಷ. ಹಾವು ಕಚ್ಚಿದ್ದು, ಮರದಿಂದ ಬಿದ್ದಿದ್ದು ಅದರಲ್ಲಿ ಸೇರುತ್ತೆ, ಆದ್ರೆ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು. ಹಾವು ಕಚ್ಚಿದೋನನ್ನ ಮೊದಲು ನಾಟಿ ಔಷಧಕ್ಕೆ ಕರ್ಕೊಂಡು ಹೋಗಿ, ಅಲ್ಲೇ ಜೀವ ಹೋದ್ರೆ ಕೈಯಲ್ಲಿ ಒಂದು ಚೀಟಿಯೂ ಇರಲ್ಲ. 436 ರೂಪಾಯಿದು ಬೇರೆ, ಜೀವನ ಜ್ಯೋತಿ. ಅದು ಯಾವ ಸಾವಿಗಾದ್ರೂ 2 ಲಕ್ಷ ಕೊಡುತ್ತೆ, ಸೇರೋಕೆ ವಯಸ್ಸು ಮಾತ್ರ 50 ದಾಟಿರಬಾರದು. ಎರಡರ ಹೆಸರೂ ಪ್ರಧಾನಮಂತ್ರಿ ಅಂತಲೇ ಶುರು. ಪಾಸ್‌ಬುಕ್ಕಲ್ಲಿ ಕಡಿತ ಆಗಿರೋದು ಇಪ್ಪತ್ತೋ ನಾನೂರ ಮೂವತ್ತಾರೋ ಅನ್ನೋದರ ಮೇಲೆ ಒಂದು ಸಂಸಾರದ ಹಣೆಬರಹ ಇರುತ್ತೆ. ನಿನ್ನ ಹುಡುಗರಿಗೆ ಮೊದಲು ಮನೆ ಪಾಸ್‌ಬುಕ್ ತರೋಕೆ ಹೇಳು.

ಮೇಷ್ಟ್ರು: ನೀವು ಹೇಳೋದು ಸರಿ. ಆದ್ರೆ ಒಂದು ಮಾತು. ಈ ಹುಡುಗರಿಗೆ ನಿಮ್ಮಷ್ಟು ವರ್ಷ ಮನೆಮನೆ ತಿರುಗಿ ಕಲಿಯೋಕೆ ಸಮಯ ಇಲ್ಲ. ಪದ ಗೊತ್ತಿದ್ರೆ ಕನಿಷ್ಠ ಪ್ರಶ್ನೆನಾದ್ರೂ ಕೇಳ್ತಾರೆ. ಪದ ಗೊತ್ತಿಲ್ಲದೋನು ಕೌಂಟರ್ ಎದುರು ನಿಂತು ‘ಸಾರ್, ಅದೂ... ಅದೆಂಥದ್ದೋ ಕಟ್ ಮಾಡಿದ್ದಾರಲ್ಲ’ ಅಂತಾನೆ. ಎದುರಿಗೆ ಕೂತೋನು ತಲೆ ಎತ್ತೂ ನೋಡಲ್ಲ.

ಅತ್ತೆ: ಅದನ್ನ ಒಪ್ಪಿಕೊಂಡೆ. ಕಟ್ ಮಾಡಿದ್ದಾರೆ ಅಂದೆಯಲ್ಲ, ಆ ಪೆನ್ ಕೊಡಿಲ್ಲಿ, ನಿನ್ನ ಪಟ್ಟಿ ಹಿಂದೆ ಬರೀತೀನಿ. ನೀನು ಕಾಲೇಜಲ್ಲಿ ಬೋರ್ಡ್ ಮೇಲೆ ಹಾಕು. 5 ಲಕ್ಷದ ಹೆಲ್ತ್ ಪಾಲಿಸಿ. ರೂಂ ಬಾಡಿಗೆ ಮಿತಿ ದಿನಕ್ಕೆ ಪಾಲಿಸಿ ಮೊತ್ತದ ನೂರಕ್ಕೊಂದು, ಅಂದ್ರೆ 5,000. ಎಲ್ಲ ಪಾಲಿಸಿಯಲ್ಲೂ ಈ ಮಿತಿ ಇರಲ್ಲ, ಇದರಲ್ಲಿದೆ ಅಂತಿಟ್ಕೋ. ಮನೆಯೋರು 8,000ದ ರೂಂ ತಗೊಂಡ್ರು, ನಾಲ್ಕು ದಿನ. ಜೇಬಿಂದ ಎಷ್ಟು ಹೋಗುತ್ತೆ?

ಮೇಷ್ಟ್ರು: ದಿನಕ್ಕೆ 3,000 ಹೆಚ್ಚು. ನಾಲ್ಕು ದಿನಕ್ಕೆ 12,000.

ಅತ್ತೆ: ಎಲ್ಲರೂ ಹೇಳೋ ಉತ್ತರ ಇದೇ, ಎಂಕಾಂ ಮಾಡಿದವರೂ ಸೇರಿ. ಈಗ ಬಿಲ್ ನೋಡು. ರೂಂ ಬಾಡಿಗೆ 32,000. ಸರ್ಜನ್ ಫೀಸು, ಥಿಯೇಟರು, ನರ್ಸಿಂಗ್ ಎಲ್ಲ ಸೇರಿ 1,60,000. ಔಷಧಿ, ಒಳಗೆ ಹಾಕಿದ ರಾಡು, ಸ್ಕ್ಯಾನು, ರಕ್ತ ಪರೀಕ್ಷೆ 70,000. ಒಟ್ಟು 2,62,000. ಕಂಪನಿ ಏನನ್ನುತ್ತೆ? ‘ನಿಮಗೆ ಹಕ್ಕಿದ್ದದ್ದು ಎಂಟರಲ್ಲಿ ಐದು ಪಾಲಿನ ರೂಂ. ದೊಡ್ಡ ರೂಂ ಹಿಡಿದ್ರೆ ಡಾಕ್ಟರ ಫೀಸೂ ಥಿಯೇಟರ್ ಬಾಡಿಗೆಯೂ ಅದರ ಜೊತೆ ಏರುತ್ತೆ. ಹಾಗಾಗಿ ಅವೂ ಎಂಟರಲ್ಲಿ ಐದು.’ 1,60,000 ಹೋಗಿ 1,00,000 ಆಯ್ತು. ರೂಂ 20,000. ಔಷಧಿ, ಪರೀಕ್ಷೆ ಪೂರ್ತಿ 70,000. ಕೈಗೆ ಬಂದದ್ದು 1,90,000. ಜೇಬಿಂದ ಹೋದದ್ದು 72,000.

ಮೇಷ್ಟ್ರು: ಹನ್ನೆರಡು ಅಂದುಕೊಂಡಿದ್ದು ಎಪ್ಪತ್ತೆರಡು!

ಅತ್ತೆ: ಮೇಲೆ 10 ಪರ್ಸೆಂಟ್ ಕೋ-ಪೇ, ಅಂದ್ರೆ ಗಿರಾಕಿ ತಾನೇ ಹೊರಬೇಕಾದ ಪಾಲು, ಇದ್ರೆ 1,90,000ದಲ್ಲಿ ಇನ್ನೂ 19,000 ಹೋಯ್ತು. ಹತ್ತಿಯೂ ಗ್ಲೌಸೂ ಕೊಡಲ್ಲ ಅಂದ್ರೆ ಅದೂ ಬೇರೆ. ‘ರೂಂ’ ಅನ್ನೋ ಪದಕ್ಕೆ ನಿನ್ನ ಪಟ್ಟಿಯಲ್ಲಿ ಜಾಗ ಇರಲಿಲ್ಲ ನೋಡು.

ಮೇಷ್ಟ್ರು: ಔಷಧಿ, ಪರೀಕ್ಷೆ ಯಾಕೆ ಪೂರ್ತಿ ಕೊಟ್ರು?

ಅತ್ತೆ: ಒಳ್ಳೇ ಪ್ರಶ್ನೆ. ಮುಂಚೆ ಅದಕ್ಕೂ ಕತ್ತರಿ ಹಾಕ್ತಿದ್ದರು. ಹೈದರಾಬಾದಲ್ಲಿದೆಯಲ್ಲ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ, ಅದು 2020ರಲ್ಲಿ ಒಂದು ಗೆರೆ ಎಳೀತು. ಎಂಟರಲ್ಲಿ ಐದು ಅನ್ನೋ ಲೆಕ್ಕ ‘ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್’ಗೆ ಮಾತ್ರ. ಔಷಧಿ, ಇಂಪ್ಲಾಂಟು, ಪರೀಕ್ಷೆಗಳ ಖರ್ಚು ಅದರೊಳಗೆ ಬರಲ್ಲ. ಐಸಿಯು ಬಾಡಿಗೆಗೂ ಈ ಕತ್ತರಿ ಇಲ್ಲ. ರೂಂ ಯಾವುದಾದ್ರೂ ಡಾಕ್ಟರ ಫೀಸು ಒಂದೇ ಅನ್ನೋ ಆಸ್ಪತ್ರೆ ಆದ್ರೆ ಈ ಕಡಿತವನ್ನೇ ಮಾಡೋ ಹಾಗಿಲ್ಲ.

ಮೇಷ್ಟ್ರು: ಅಂದ್ರೆ ಅಷ್ಟುದ್ದದ ಇಂಗ್ಲಿಷ್ ಪದ ಬಾಯಲ್ಲಿದ್ದೋನು 70,000ದ ಮೇಲೆ ಕತ್ತರಿ ಬೀಳದ ಹಾಗೆ ನೋಡ್ಕೋತಾನೆ. ನನ್ನ ಕಷ್ಟದ ಪದಗಳಿಗೂ ಕೆಲಸ ಇದೆ ಅಂತಾಯ್ತು.

ಅತ್ತೆ: ಇದೆ ಮಹಾರಾಯ, ಇಲ್ಲ ಅಂದವರು ಯಾರು? ಅದರ ಎದುರಿಗೆ ‘ಸಂಬಂಧಿತ ವೈದ್ಯಕೀಯ ವೆಚ್ಚಗಳು’ ಅಂತ ಬರೆದು ಸುಮ್ಮನೆ ಕೂರಬೇಡ ಅಂತಿದೀನಿ. ಎಂಟರಲ್ಲಿ ಐದು, ಇದಕ್ಕೆ ಹತ್ತುತ್ತೆ, ಅದಕ್ಕೆ ಹತ್ತಲ್ಲ ಅಂತ ಬರಿ. ನೋಡು, ಪಿಗ್ಮಿ ಅನ್ನೋ ಪದ ನಮ್ಮ ಜನಕ್ಕೆ ಹೇಗೆ ಬಂತು? ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಅದನ್ನ ಶುರು ಮಾಡಿದ್ದು 1928ರಲ್ಲಿ. ದಿನಾ ಎರಡಾಣೆ ಆದ್ರೂ ಸಾಕು, ಏಜೆಂಟ್ ಬಾಗಿಲಿಗೆ ಬಂದು ಇಸ್ಕೊಂಡು ಹೋಗ್ತಿದ್ದ. ಹೂ ಮಾರೋಳು, ಬೀಡಿ ಅಂಗಡಿಯೋನು ಯಾರೂ ಡಿಕ್ಷನರಿ ನೋಡಲಿಲ್ಲ. ಇವತ್ತು ಎಷ್ಟು ಕೊಟ್ಟೆ, ವರ್ಷಕ್ಕೆ ಎಷ್ಟಾಯ್ತು, ನಡುವೆ ತೆಗೆದ್ರೆ ಎಷ್ಟು ಹಿಡೀತಾರೆ, ಇದೆಲ್ಲ ಬೆರಳ ತುದೀಲಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯ್ತು, ಆದ್ರೂ ಪಿಗ್ಮಿ ಕಟ್ಟೋದು ಅನ್ನೋ ಮಾತು ಪೇಟೆಯಲ್ಲಿ ಇನ್ನೂ ಇದೆ. ಜಮಾ, ಬಾಕಿ, ಕಿರ್ದಿ ಅಂತ ಮಂಡಿಯಲ್ಲಿ ನಮ್ಮಪ್ಪ ಬರೀತಿದ್ದನಲ್ಲ, ಅವೂ ಒಂದು ಕಾಲಕ್ಕೆ ಹೊರಗಿಂದಲೇ ಬಂದವು. ಭಾಷೆ ಯಾವುದಾದ್ರೇನು, ಲೆಕ್ಕದ ಜೊತೆ ಬಂದ್ರೆ ಪದ ಮನೆಯಲ್ಲಿ ಉಳಿಯುತ್ತೆ.

ಮೇಷ್ಟ್ರು: ಬ್ಯಾಂಕಿನ ಪದಗಳಲ್ಲೂ ಹೀಗೆ ಸಣ್ಣದಾಗಿ ಕಂಡು ದೊಡ್ಡದಾಗಿ ಕಚ್ಚೋದು ಇದೆಯಾ?

ಅತ್ತೆ: ಫ್ಲಾಟ್. ಬೈಕ್ ಶೋರೂಮಲ್ಲಿ ಹುಡುಗರಿಗೆ ಹೇಳೋದು ಅದೇ, ‘ಫ್ಲಾಟ್ ಹತ್ತು ಪರ್ಸೆಂಟ್ ಅಷ್ಟೇ’ ಅಂತ. ಲಕ್ಷ ರೂಪಾಯಿ, ಮೂರು ವರ್ಷ. ವರ್ಷಕ್ಕೆ 10,000ದಂತೆ ಬಡ್ಡಿ 30,000. ತಿಂಗಳಿಗೆ 3,611 ಕಟ್ಟಬೇಕು. ನೀನು ತಿಂಗಳು ತಿಂಗಳು ಅಸಲು ತೀರಿಸ್ತಾ ಬಂದ್ರೂ ಬಡ್ಡಿ ಮಾತ್ರ ಕೊನೇವರೆಗೂ ಪೂರ್ತಿ ಲಕ್ಷದ ಮೇಲೇ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದ್ರೆ, ಅದೇ ಹತ್ತು ಪರ್ಸೆಂಟಿಗೆ ಕಂತು ಸುಮಾರು 3,227, ಮೂರು ವರ್ಷದ ಬಡ್ಡಿ 16,000 ಚಿಲ್ಲರೆ. ಫ್ಲಾಟ್ ಹತ್ತು ಅಂದ್ರೆ ನಿಜವಾಗಿ ಹದಿನೆಂಟರ ಹತ್ತಿರ. ಈಗ ರಿಸರ್ವ್ ಬ್ಯಾಂಕ್ ಒಂದು ಒಳ್ಳೇ ಕೆಲಸ ಮಾಡಿದೆ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಬೇಕು, ಎಲ್ಲ ಖರ್ಚು ಸೇರಿಸಿ ವರ್ಷದ ದರ ಎಷ್ಟು ಅಂತ ಅದರಲ್ಲಿ ಬರೀಬೇಕು, ಅದೂ ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿ. ನಿನ್ನ ಪಟ್ಟಿಯಲ್ಲಿ ‘ರೇಟ್ ಆಫ್ ಇಂಟರೆಸ್ಟ್, ಬಡ್ಡಿ ದರ’ ಅಂತಿದೆ. ಯಾವ ದರ?

ಮೇಷ್ಟ್ರು: ಒಪ್ಪಿದೆ. ಇನ್ನು ಪೇಡ್-ಅಪ್. ಇದಕ್ಕೆ ‘ಪಾವತಿಯಾದ’ ಅಂತ ಬರೆದಿದೀನಿ. ಪೇಡ್-ಅಪ್ ಕ್ಯಾಪಿಟಲ್ ಅಂದ್ರೆ ಷೇರುದಾರರು ನಿಜವಾಗಿ ಕಟ್ಟಿದ ಬಂಡವಾಳ, ಇದನ್ನ ಅಕೌಂಟ್ಸ್ ಕ್ಲಾಸಲ್ಲಿ ಹೇಳಿಕೊಟ್ಟಿರ್ತಾರೆ.

ಅತ್ತೆ: ಅದೇ ಹುಡುಗ ನಾಳೆ ಎಂಡೋಮೆಂಟ್ ಪಾಲಿಸಿ ಸ್ಟೇಟ್‌ಮೆಂಟಲ್ಲಿ ಪೇಡ್-ಅಪ್ ಅಂತ ನೋಡಿ, ಎಲ್ಲ ಕಟ್ಟಿ ಮುಗೀತು ಅಂತ ಸಿಹಿ ಹಂಚ್ತಾನೆ. ಇಲ್ಲಿ ಅದು ಕಟ್ಟೋದನ್ನ ನಿಲ್ಲಿಸಿದವರ ಪದ. ಲಕ್ಷದ ಪಾಲಿಸಿ, 20 ವರ್ಷ ಕಟ್ಟಬೇಕಿತ್ತು, 5 ವರ್ಷ ಕಟ್ಟಿ ಬಿಟ್ಟ. ಇಪ್ಪತ್ತರಲ್ಲಿ ಐದು ಪಾಲು, ಅಂದ್ರೆ ಪಾಲಿಸಿ 25,000ಕ್ಕೆ ಇಳೀತು. ಅಲ್ಲಿವರೆಗಿನ ಬೋನಸ್ ಇದ್ರೆ ಅದು ಬೇರೆ. ಅದೂ ಸಾಮಾನ್ಯವಾಗಿ ಸಿಗೋದು ಅವಧಿ ಮುಗಿದ ಮೇಲೆ, ಇಲ್ಲ ಸತ್ತ ಮೇಲೆ. ಈಗಲೇ ಬೇಕು ಅಂದ್ರೆ ಸರೆಂಡರ್, ಅದು ಇನ್ನೂ ಕಡಿಮೆ.

ಮೇಷ್ಟ್ರು: ನಾಮಿನಿ ಪದದಲ್ಲಾದ್ರೂ ತಕರಾರು ಇಲ್ಲ ಅಂದುಕೊಳ್ಳಲಾ?

ಅತ್ತೆ: ಅಯ್ಯೋ, ಕೋರ್ಟುಗಳಲ್ಲೇ ಇನ್ನೂ ಬಗೆಹರಿದಿಲ್ಲ ಅದು. 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಜೀವವಿಮೆಯ ನಾಮಿನಿ ದುಡ್ಡು ಇಸ್ಕೊಳ್ಳೋ ಕೈ ಮಾತ್ರ, ಹಕ್ಕು ವಾರಸುದಾರರದ್ದು ಅಂತ. 2015ರಲ್ಲಿ ವಿಮಾ ಕಾಯ್ದೆ ತಿದ್ದಿದ್ರು. ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳನ್ನ ನಾಮಿನಿ ಮಾಡಿದ್ರೆ ದುಡ್ಡಿನ ಫಲವೂ ಅವರಿಗೇ ಅಂತ ಸೇರಿಸಿದ್ರು. ಏಜೆಂಟರೆಲ್ಲ ಹಾಗೇ ಹೇಳ್ತಾ ಬಂದೆವು. ಆಮೇಲೆ ಒಂದು ಕೇಸು ಬಂತು. ಹುಡುಗ ಮದುವೆಗೆ ಮುಂಚೆ ಪಾಲಿಸಿ ಮಾಡಿಸಿದ್ದ, ನಾಮಿನಿ ಅಮ್ಮ. ಮದುವೆ ಆಯ್ತು, ಮಗು ಆಯ್ತು, ನಾಮಿನಿ ಬದಲಾಯಿಸಲಿಲ್ಲ, ತೀರಿಕೊಂಡ. 2025ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಏನಂತು ಗೊತ್ತಾ? ವಾರಸುದಾರರು ಪಾಲು ಕೇಳಿದ್ರೆ ನಾಮಿನೇಷನ್ ಉತ್ತರಾಧಿಕಾರ ಕಾನೂನನ್ನ ಮೀರಲ್ಲ, ಅಮ್ಮ, ಹೆಂಡತಿ, ಮಗು ಮೂವರಿಗೂ ಸಮಪಾಲು. ಷೇರಿನ ವಿಚಾರದಲ್ಲೂ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನಾಮಿನಿ ಆದಮಾತ್ರಕ್ಕೆ ಮಾಲೀಕ ಆಗಲ್ಲ ಅಂದಿದೆ. ನನ್ನ ಗಿರಾಕಿಗಳ ಮಕ್ಕಳು ಮದುವೆ ಕಾಗದ ಕೊಡೋಕೆ ಬಂದ್ರೆ ನಾನು ಮೊದಲು ಕೇಳೋದು, ನಾಮಿನಿ ಬದಲಾಯಿಸ್ತೀಯಾ ಅಂತ. ಅಪಶಕುನ ಅಂತ ಕೆಲವರು ಮುಖ ಸಿಂಡರಿಸ್ತಾರೆ. ಸಿಂಡರಿಸಲಿ.

ಮೇಷ್ಟ್ರು: ಹಾಗಾದ್ರೆ ಪಾಲಿಸಿ ಪೂರ್ತಿ ಕನ್ನಡದಲ್ಲೇ ಬಂದುಬಿಟ್ರೆ ಈ ಗೋಳು ಇರಲ್ಲ ಅಂತೀರಾ?

ಅತ್ತೆ: ಅರ್ಧ ಗೋಳು ಹೋಗುತ್ತೆ. ಇನ್ನರ್ಧ ಹೋಗಲ್ಲ, ಯಾಕಂದ್ರೆ ನಿನ್ನ ಅಧ್ಯರ್ಪಣ ಮೌಲ್ಯದಂಥ ಕನ್ನಡದಲ್ಲಿ ಬರುತ್ತೆ ಅದು. ಜೀವವಿಮೆಯ ಪ್ರೊಪೋಸಲ್ ಫಾರಂ ಕೊನೆಯಲ್ಲಿ ಒಂದು ಚೌಕ ಇರುತ್ತೆ, ವರ್ನಾಕ್ಯುಲರ್ ಡಿಕ್ಲರೇಷನ್ ಅಂತ. ಫಾರಂ ಇಂಗ್ಲಿಷಲ್ಲಿದ್ದು ಗಿರಾಕಿ ಕನ್ನಡದಲ್ಲಿ ಸಹಿ ಹಾಕಿದ್ರೆ, ಇಲ್ಲ ಹೆಬ್ಬೆಟ್ಟು ಒತ್ತಿದ್ರೆ, ಇದರಲ್ಲಿ ಇರೋದನ್ನೆಲ್ಲ ಅವರ ಭಾಷೆಯಲ್ಲಿ ವಿವರಿಸಿದ್ದೇನೆ, ಅರ್ಥ ಮಾಡ್ಕೊಂಡೇ ಸಹಿ ಹಾಕಿದ್ದಾರೆ ಅಂತ ಇನ್ನೊಬ್ಬರು ಬರೆದುಕೊಡಬೇಕು. ಇಡೀ ಫಾರಂನಲ್ಲಿ ಕನ್ನಡದವರಿಗೆ ಅಂತ ಇಟ್ಟ ಜಾಗ ಅದೊಂದೇ. ಎಷ್ಟು ಕಡೆ ಅದನ್ನ ನಿಜವಾಗಿ ಓದಿ ಹೇಳ್ತಾರೆ? ಮಾರ್ಚ್ ತಿಂಗಳ ಕೊನೇ ವಾರ, ಟಾರ್ಗೆಟ್ ಮುಟ್ಟಿಲ್ಲ, ಏಜೆಂಟ್ ಪೆನ್ಸಿಲಲ್ಲಿ ಅಡ್ಡಗುರುತು ಹಾಕಿ ‘ಇಲ್ಲಿ, ಇಲ್ಲಿ, ಇಲ್ಲಿ ಸಹಿ’ ಅಂತಾನೆ. ಬಿಪಿ ಇದೆಯಾ ಅಂತ ಪ್ರಶ್ನೆ. ‘ಮಾತ್ರೆ ತಗೋತೀರಲ್ಲ, ಕಂಟ್ರೋಲಲ್ಲಿ ಇದೆಯಲ್ಲ, ಹಾಗಾದ್ರೆ ಇಲ್ಲ ಅಂತ ಹಾಕೋಣ.’ ಟಿಕ್ ಹಾಕಿದ್ದು ಏಜೆಂಟು, ಉತ್ತರ ಗಿರಾಕಿಯದ್ದು. ಜೀವವಿಮೆ ಆದ್ರೆ ಮೂರು ವರ್ಷ ಕಳೆದ ಮೇಲೆ ವಿಮಾ ಕಾಯ್ದೆಯ 45ನೇ ಸೆಕ್ಷನ್ ಕಾಯುತ್ತೆ, ಆಮೇಲೆ ಯಾವ ಕಾರಣಕ್ಕೂ ಪಾಲಿಸಿ ಪ್ರಶ್ನೆ ಮಾಡೋ ಹಾಗಿಲ್ಲ. ಹೆಲ್ತಲ್ಲಿ ಐದು ವರ್ಷ, ಅದೂ ವಂಚನೆ ಅಂತ ಸಾಬೀತಾದ್ರೆ ಆ ರಕ್ಷಣೆಯೂ ಇಲ್ಲ. ಎರಡು ತಿಂಗಳಲ್ಲೋ ಎರಡು ವರ್ಷದಲ್ಲೋ ಹೋದವರ ಮನೆಯೋರು ಆ ಟಿಕ್ ಹೊತ್ಕೊಂಡು ತಿರುಗ್ತಾರೆ.

ಮೇಷ್ಟ್ರು: ಹಾಗೆ ತಿರುಗೋ ಬದಲು ಏನು ಮಾಡಬೇಕು?

ಅತ್ತೆ: ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಇರುತ್ತೆ, ಓದಿ ಸರಿ ಕಾಣದಿದ್ರೆ ವಾಪಸ್ ಕೊಡಬಹುದು, ಸಣ್ಣಪುಟ್ಟ ಖರ್ಚು ಹಿಡಿದು ದುಡ್ಡು ಕೊಡ್ತಾರೆ. 2024ರಿಂದ ಹೆಲ್ತ್ ಪಾಲಿಸಿ ಜೊತೆ ಕಸ್ಟಮರ್ ಇನ್ಫರ್ಮೇಷನ್ ಶೀಟ್ ಹೊಸ ರೂಪದಲ್ಲಿ ಬರುತ್ತಿದೆ. ಏನು ಸಿಗುತ್ತೆ, ಏನು ಸಿಗಲ್ಲ, ಎಷ್ಟು ಕಾಯಬೇಕು ಅಂತ ಸರಳವಾಗಿ ಇರಬೇಕು. ಕೇಳಿದ್ರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಕೇಳಿದ್ರೆ, ಅಂತ ಇದೆ ನೋಡು. ಕ್ಲೇಮ್ ತಿರಸ್ಕಾರ ಆದ್ರೆ ಮೊದಲು ಕಂಪನಿಗೆ ಬರೀಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಬಂದದ್ದು ಒಪ್ಪಿಗೆ ಆಗದಿದ್ರೆ, ಬೆಂಗಳೂರಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷದವರೆಗಿನ ತಕರಾರು ನೋಡ್ತಾರೆ. ಫೀಸಿಲ್ಲ, ವಕೀಲರೂ ಬೇಡ.

ಮೇಷ್ಟ್ರು: ಹಾಗಾದ್ರೆ ಈ ಪಟ್ಟಿಯ ಕಥೆ ಏನು? ಹರಿದು ಹಾಕಲಾ?

ಅತ್ತೆ: ಹರೀಬೇಡ, ಹಿಂದುಗಡೆ ನಾನು ಲೆಕ್ಕ ಬರೆದಿದೀನಿ. ಪದಗಳ ಉಚ್ಚಾರ ಹೇಳಿಕೊಡು, ಅದೂ ಬೇಕು, ಹುಡುಗರು ಧೈರ್ಯವಾಗಿ ಬಾಯಿಬಿಡ್ತಾರೆ. ಪ್ರತಿ ಪದದ ಎದುರಿಗೆ ಮೂರನೇ ಕಾಲಂ ಒಂದು ಎಳಿ, ಎಷ್ಟು ರೂಪಾಯಿ, ಎಷ್ಟು ದಿನ ಅಂತ. ಆ ಕಾಲಂ ತುಂಬೋಕೆ ಆಗದ ಪದ ಇದ್ರೆ ಪಟ್ಟಿಯಿಂದ ತೆಗೆದುಬಿಡು. ಪರೀಕ್ಷೆಯಲ್ಲಿ ‘ಅರ್ಥ ಬರೆಯಿರಿ’ ಅಂತ ಕೊಡಬೇಡ. ಒಂದು ಆಸ್ಪತ್ರೆ ಬಿಲ್, ಒಂದು ಪುಟ ಡೆಫಿನಿಷನ್. ಕೈಗೆ ಬರೋದು ಎಷ್ಟು ಅಂತ ಕೇಳು.

ಮೇಷ್ಟ್ರು: ಡಿಕ್ಷನರಿ ತರಬಹುದಾ ಸಾರ್ ಅಂತ ಕೇಳ್ತಾರೆ.

ಅತ್ತೆ: ತರಲಿ, ಕ್ಯಾಲ್ಕ್ಯುಲೇಟರೂ ತರಲಿ. ಪಾಲಿಸಿ ಪುಟದ ಜೆರಾಕ್ಸ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕೊಡು. ಬೆಂಚಿಗೊಂದು ಕೊಟ್ರೆ ಅಂಚಿನಲ್ಲಿ ಕೂತೋನು ಓದಲ್ಲ.